ಶಾಸನ ಮತ್ತು ಫಲಕ: ಸ್ಮಾರಕರಕ್ಷಣೆಯ ಅಧಿಕಾರಿಗಳ ಕರ್ತವ್ಯವನ್ನು ಕುರಿತು ಒಂದು ವಿಮರ್ಶೆ

೧

ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗುವ ದಾರಿಯಲ್ಲಿ ಉಣಕಲ್ಲ ಕೆರೆಯನ್ನು ನೋಡದವರು ವಿರಳ. ಆ ಕೆರೆಯಿಂದ ತುಸುವೇ ದೂರದಲ್ಲಿ, ಹಳೆಯ ಊರಿನ ಮನೆಗಳ ನಡುವೆ ನಿಂತಿರುವ ಚಂದ್ರಮೌಳೇಶ್ವರ ದೇವಾಲಯವನ್ನು ನೋಡಿದವರು ಅಷ್ಟು ಮಂದಿ ಇರಲಾರರು. ಕಲ್ಯಾಣದ ಚಾಲುಕ್ಯರ ಕಾಲದ ಈ ಗುಡಿಯ ಗರ್ಭಗೃಹಕ್ಕೆ ನಾಲ್ಕು ದಿಕ್ಕುಗಳಲ್ಲಿಯೂ ಬಾಗಿಲುಗಳಿವೆ. ಈ ಬಗೆಯ ವಿನ್ಯಾಸವು ನಮ್ಮ ಸೀಮೆಯ ದೇವಾಲಯಗಳಲ್ಲಿ ಅಪರೂಪವಾದುದು. ಇದು ಕೇಂದ್ರಸರಕಾರದ ರಕ್ಷಣೆಗೆ ಒಳಪಟ್ಟ ಸ್ಮಾರಕ. ಇದರ ಸುತ್ತಲೂ ಒತ್ತಾಗಿ ಮನೆಗಳಿವೆ, ಕಿರಿದಾದ ಓಣಿಗಳಿವೆ, ಆ ಮನೆಗಳಲ್ಲಿ ತಲೆಮಾರುಗಳಿಂದ ಬಾಳುತ್ತಿರುವ ಕುಟುಂಬಗಳಿವೆ. ಗುಡಿಯ ಕಲ್ಲನ್ನು ಉಳಿಸಬೇಕೆನ್ನುವ ಕಾಯಿದೆಯೂ, ಸೋರುವ ಮಾಳಿಗೆಯನ್ನು ಸರಿಪಡಿಸಿಕೊಳ್ಳಬೇಕೆನ್ನುವ ನಿವಾಸಿಯೂ ಈ ಓಣಿಯಲ್ಲಿ ಎದುರುಬದುರಾಗಿ ನಿಂತಿದ್ದಾರೆ. ಇವರಿಬ್ಬರ ನಡುವೆ ನಿಲ್ಲಬೇಕಾದವನು ಅಧಿಕಾರಿ. ಆತನ ಕರ್ತವ್ಯವೇನು ಎಂಬ ಪ್ರಶ್ನೆಯನ್ನು ವಿವೇಚಿಸುವದು ಪ್ರಸ್ತುತ ಲೇಖನದ ಉದ್ದೇಶ.

ಕನ್ನಡದಲ್ಲಿ 'ಶಾಸನ' ಎಂಬ ಮಾತಿಗೆ ಎರಡು ಅರ್ಥಗಳಿವೆ. ಗುಡಿಯ ಮುಂದೆ ನಿಲ್ಲಿಸಿದ ಬರೆಹದ ಕಲ್ಲೂ ಶಾಸನವೇ, ಶಾಸನಸಭೆಯು ಅಂಗೀಕರಿಸಿದ ಕಾಯಿದೆಯೂ ಶಾಸನವೇ. ಇದು ಕೇವಲ ಶಬ್ದದ ಆಕಸ್ಮಿಕವಲ್ಲ. ಆಳುವವರ ಕಟ್ಟಳೆಯನ್ನು ಆಳಿಸಿಕೊಳ್ಳುವವರು ಓದಿ ಕೇಳಿ ತಿಳಿಯುವಂತೆ ಸ್ಥಿರಪಡಿಸುವದೇ ಎರಡರ ಪ್ರಯೋಜನವೂ ಆಗಿದೆ. ಆದುದರಿಂದ ಗುಡಿಯನ್ನು ಕಾಯುವ ವಿಷಯದಲ್ಲಿ ಕಲ್ಲಿನ ಶಾಸನವು ಏನು ಹೇಳಿತು, ಕಾಗದದ ಶಾಸನವು ಏನು ಹೇಳುವದು ಎಂಬುದನ್ನು ಒಟ್ಟಿಗಿಟ್ಟು ಓದಿದರೆ ಅಧಿಕಾರಿಯ ಕರ್ತವ್ಯದ ಸ್ವರೂಪವು ಸ್ಪಷ್ಟವಾಗಬಹುದು. ಇಲ್ಲಿ ಕಾಯಿದೆಗಳನ್ನು ನ್ಯಾಯವಾದಿಯ ದೃಷ್ಟಿಯಿಂದ ನೋಡಿಲ್ಲ. ಒಂದು ಶಾಸನವನ್ನು ಶಾಸನದ ವಿದ್ಯಾರ್ಥಿಯು ಹೇಗೆ ಓದುವನೋ ಹಾಗೆ ಓದಲು ಯತ್ನಿಸಿದೆ.

೨

ಹನ್ನೊಂದು ಹನ್ನೆರಡನೆಯ ಶತಮಾನಗಳ ದಾನಶಾಸನಗಳ ರಚನೆಯು ಈ ಪತ್ರಿಕೆಯ ವಾಚಕರಿಗೆ ಪರಿಚಿತವೇ ಇರುವದು. ಮೊದಲು ಆಳುವ ಚಕ್ರವರ್ತಿಯ ಹೆಸರು, ಅನಂತರ ನಾಡನ್ನಾಳುವ ಮಹಾಮಂಡಳೇಶ್ವರ ಅಥವಾ ದಂಡನಾಯಕನ ಹೆಸರು, ದಾನ ಮಾಡಿದವನ ವಂಶ, ದಾನ ಪಡೆದ ಆಚಾರ್ಯನ ಹೆಸರು ಮತ್ತು ಗುರುಪರಂಪರೆ, ಕಾಲ, ಭೂಮಿಯ ಅಳತೆ, ಅದರ ಎಲ್ಲೆ, ದಾನದ ಉದ್ದೇಶ, ಧರ್ಮವನ್ನು ಕಾಪಾಡಬೇಕಾದವರು ಯಾರೆಂಬ ಮಾತು, ಕಟ್ಟಕಡೆಗೆ ಕಾಪಾಡಿದವರಿಗೆ ಬರುವ ಪುಣ್ಯ, ಕೆಡಿಸಿದವರಿಗೆ ತಟ್ಟುವ ಪಾಪ. ಈ ಅಂಗಗಳ ಕ್ರಮದಲ್ಲಿ ವ್ಯತ್ಯಾಸವಿರಬಹುದು. ಅಂಗಗಳು ಮಾತ್ರ ಬಹುಮಟ್ಟಿಗೆ ಇವೇ.

ಇವುಗಳಲ್ಲಿ ದಾನದ ಉದ್ದೇಶವನ್ನು ಹೇಳುವ ಭಾಗವು ನಮ್ಮ ವಿಷಯಕ್ಕೆ ಮುಖ್ಯವಾದುದು. ದೇವರ ಅಂಗಭೋಗ ರಂಗಭೋಗಗಳು, ತಪೋಧನರ ಮತ್ತು ವಿದ್ಯಾರ್ಥಿಗಳ ಆಹಾರದಾನ ಇವುಗಳೊಡನೆ 'ಖಂಡಸ್ಫುಟಿತ ಜೀರ್ಣೋದ್ಧಾರ' ಎಂಬ ಮಾತು ಶಾಸನದಿಂದ ಶಾಸನಕ್ಕೆ ಬರುತ್ತಲೇ ಇರುತ್ತದೆ. ಒಡೆದುದನ್ನೂ ಬಿರಿದುದನ್ನೂ ಸರಿಪಡಿಸುವದಕ್ಕೆ ಎಂದು ಇದರ ಅರ್ಥ. ಪದೇ ಪದೇ ಬರುವ ಕಾರಣದಿಂದಲೇ ನಾವು ಇದನ್ನು ರೂಢಿಯ ಮಾತೆಂದು ದಾಟಿ ಮುಂದೆ ಹೋಗುತ್ತೇವೆ. ಒಂದು ಕ್ಷಣ ನಿಂತು ನೋಡಿದರೆ ಇದರಲ್ಲಿರುವ ವಿವೇಕವು ತಿಳಿಯುವದು. ಅನೇಕ ಸಂದರ್ಭಗಳಲ್ಲಿ ಈ ದಾನವು ಗುಡಿಯನ್ನು ಕಟ್ಟಿದ ಕಾಲದಲ್ಲಿಯೇ ಆದುದು. ಕಲ್ಲು ಇನ್ನೂ ಹೊಸದಾಗಿರುವಾಗಲೇ ಅದು ಒಂದು ದಿನ ಬಿರಿಯುವದೆಂದು ಬಲ್ಲವರು, ಆ ದಿನದ ವೆಚ್ಚಕ್ಕೆ ಇಂತಿಷ್ಟು ಮತ್ತರು ಭೂಮಿಯನ್ನು ಬಿಟ್ಟುಕೊಟ್ಟರು. ದುರಸ್ತಿಯು ಅನಾಹುತದ ನಂತರ ಹುಡುಕುವ ಹಣವಾಗಿರಲಿಲ್ಲ, ಕಟ್ಟಡದ ಒಂದು ಅಂಗವೇ ಆಗಿತ್ತು.

ಎರಡನೆಯದಾಗಿ, ಶಾಸನದಲ್ಲಿ ಹೊಣೆಯು ಹೆಸರುಳ್ಳದ್ದು. ಇಂತಹ ಗುಡಿಯ ಇಂತಹ ಆಚಾರ್ಯನ ಕಾಲು ತೊಳೆದು ದಾನವನ್ನು ಧಾರೆಯೆರೆದುದಾಗಿ ಅದು ಹೇಳುವದು. ಊರಿನ ಗಾವುಂಡರು, ಮಹಾಜನರು, ನಗರದ ಸೆಟ್ಟಿಗಳು ಸಾಕ್ಷಿಗಳಾಗಿಯೂ ಪಾಲಕರಾಗಿಯೂ ಅಲ್ಲಿರುತ್ತಾರೆ. ಎಷ್ಟೋ ಸಲ ದಾನಿಯೇ ಒಬ್ಬ ಅಧಿಕಾರಿ. ೧೧೧೨ರಲ್ಲಿ ಇಟಗಿಯ ಮಹಾದೇವ ದೇವಾಲಯವನ್ನು ಕಟ್ಟಿಸಿದ ಮಹಾದೇವನು ಆರನೆಯ ವಿಕ್ರಮಾದಿತ್ಯನ ದಂಡನಾಯಕ. ೧೦೦೭ರಲ್ಲಿ ಲಕ್ಕುಂಡಿಯಲ್ಲಿ ಬ್ರಹ್ಮಜಿನಾಲಯವನ್ನು ಕಟ್ಟಿಸಿದ ಅತ್ತಿಮಬ್ಬೆಯು ಚಾಲುಕ್ಯರ ಸೇವೆಯಲ್ಲಿದ್ದ ಮನೆತನಕ್ಕೆ ಸೇರಿದವಳು. ಆ ಕಾಲದ ಅಧಿಕಾರಿಗೆ ಗುಡಿಯು ಕಡತದಲ್ಲಿಯ ಒಂದು ಬಾಬಾಗಿರಲಿಲ್ಲ.

ಮೂರನೆಯದಾಗಿ, ಕೊಡುವದಕ್ಕಿಂತ ಕಾಯುವದು ಹೆಚ್ಚಿನದು ಎಂಬ ಭಾವವು ಈ ಶಾಸನಗಳ ಕೊನೆಯಲ್ಲಿ ಮತ್ತೆ ಮತ್ತೆ ಬರುವದು. ದಾನಿಗೆ ಸ್ವರ್ಗ, ಪಾಲಕನಿಗೆ ಅದಕ್ಕೂ ಮಿಗಿಲಾದ ಪದವಿ. ಮುಂದೆ ಬರುವ ಅರಸರು ತಮ್ಮ ವಂಶದವರಿರಲಿ, ಅನ್ಯವಂಶದವರಿರಲಿ, ಇದನ್ನು ಪಾಲಿಸಬೇಕೆಂದು ಶಾಸನವು ಬೇಡಿಕೊಳ್ಳುತ್ತದೆ. ತಾನು ಕಾಣದ ಪೀಳಿಗೆಯ ಅಧಿಕಾರಿಯನ್ನು ಉದ್ದೇಶಿಸಿ ಆಡಿದ ಮಾತು ಇದು. ಇಂದಿನ ಅಧಿಕಾರಿಗೂ ಅದು ಸಲ್ಲುವದು.

ಹೀಗೆಂದ ಮಾತ್ರಕ್ಕೆ ಹಿಂದಿನ ಕಾಲವನ್ನು ಬಂಗಾರದ ಕಾಲವೆಂದು ಕೊಂಡಾಡುವದು ಇಲ್ಲಿಯ ಉದ್ದೇಶವಲ್ಲ. ಶಾಸನವು ದಾನಿಯ ಸಂಕಲ್ಪವನ್ನು ಹೇಳುವದೇ ಹೊರತು ಆ ಸಂಕಲ್ಪವು ನಡೆಯಿತೆಂದು ಹೇಳುವದಿಲ್ಲ. ಬಿಟ್ಟ ಭೂಮಿಯನ್ನು ಅತಿಕ್ರಮಿಸಿದ್ದರಿಂದ ಅದೇ ದಾನವನ್ನು ಮರಳಿ ಬಿಡಬೇಕಾಗಿ ಬಂದುದಕ್ಕೆ ಶಾಸನಗಳಲ್ಲಿಯೇ ಆಧಾರಗಳು ದೊರೆಯುತ್ತವೆ. ಅಷ್ಟೊಂದು ಘೋರವಾದ ಶಾಪವಾಕ್ಯಗಳನ್ನು ಬರೆಯಬೇಕಾಗಿ ಬಂದುದೇ ಕೆಡಿಸುವವರು ಆಗಲೂ ಇದ್ದರೆಂಬುದಕ್ಕೆ ಸಾಕ್ಷಿ. ಇದಲ್ಲದೆ ಅವರು ಕಾದುದು ಪೂಜೆಯನ್ನು, ಪ್ರಾಚೀನತೆಯನ್ನಲ್ಲ. ಹಳೆಯ ಗುಡಿಯ ಕಂಬಗಳನ್ನು ಹೊಸ ಗುಡಿಗೆ ಬಳಸುವದರಲ್ಲಿ ಅವರಿಗೆ ಯಾವ ಅಳುಕೂ ಇರಲಿಲ್ಲ. ಈ ಭೇದವನ್ನು ಮರೆತರೆ ನಮ್ಮ ಹೋಲಿಕೆಯು ಸುಳ್ಳಾಗುವದು.

೩

ಕಂಪನಿ ಸರಕಾರದ ಕಾಲದಲ್ಲಿ ಸ್ಮಾರಕಗಳನ್ನು ಕಾಯುವ ಕಾಯಿದೆಯು ಇರಲಿಲ್ಲ. ಆದರೂ ಧಾರವಾಡದ ಸೀಮೆಯಲ್ಲಿ ಕೆಲವು ಅಧಿಕಾರಿಗಳು ತಮ್ಮ ಪದವಿಯು ಕೇಳದ ಒಂದು ಕೆಲಸವನ್ನು ಮಾಡಿದರು. ಥ್ಯಾಕರೆಯ ಸಹಾಯಕನಾಗಿ ಧಾರವಾಡದಲ್ಲಿದ್ದು, ೧೮೨೪ರ ಕಿತ್ತೂರ ಕಾಳಗದಲ್ಲಿ ಸೆರೆಸಿಕ್ಕ ವಾಲ್ಟರ ಎಲಿಯಟ್ಟನು ಮುಂದೆ ಈ ಭಾಗದ ಶಾಸನಗಳನ್ನು ಪ್ರತಿಮಾಡಿಸುವ ಕೆಲಸಕ್ಕೆ ಕೈಹಾಕಿ, ೫೯೫ ಶಾಸನಗಳ ಪ್ರತಿಗಳನ್ನು ಒಟ್ಟುಗೂಡಿಸಿದನು. ಪಿಗೌ, ನೀಲ್, ಬಿಗ್ಸ್ ಎಂಬವರು ತೆಗೆದ ಛಾಯಾಚಿತ್ರಗಳು ಮೆಡೋಸ್ ಟೇಲರನ ಬರವಣಿಗೆಯೊಡನೆ ೧೮೬೬ರಲ್ಲಿ ಧಾರವಾಡ ಮತ್ತು ಮೈಸೂರುಗಳ ವಾಸ್ತುಶಿಲ್ಪವನ್ನು ಕುರಿತ ಗ್ರಂಥವಾಗಿ ಹೊರಬಂದವು. ಮುಂಬಯಿ ಸರಕಾರದ ಸಿವಿಲ್ ಸೇವೆಯಲ್ಲಿದ್ದ ಫ್ಲೀಟನು ೧೮೮೨ರಲ್ಲಿ ಕನ್ನಡ ಜಿಲ್ಲೆಗಳ ರಾಜವಂಶಗಳ ಚರಿತ್ರೆಯನ್ನು ಪ್ರಕಟಿಸಿದನು. ಹೆನ್ರಿ ಕಸಿನ್ಸನು ಈ ಜಿಲ್ಲೆಗಳ ಚಾಲುಕ್ಯ ವಾಸ್ತುವನ್ನು ಕುರಿತು ಬರೆದ ಗ್ರಂಥವು ಆತನು ನಿವೃತ್ತನಾದ ಎಷ್ಟೋ ವರ್ಷಗಳ ನಂತರ, ೧೯೨೬ರಲ್ಲಿ ಬೆಳಕು ಕಂಡಿತು.

ಇವರ ಕೆಲಸದಲ್ಲಿ ದೋಷಗಳಿಲ್ಲದಿಲ್ಲ. ಎಲಿಯಟ್ಟನ ಸಂಗ್ರಹವು ಕೈಬರಹದ ಪ್ರತಿಗಳದ್ದು. ಮೂಲದ ಕಲ್ಲಿನೊಡನೆ ತಾಳೆ ನೋಡದೆ ಅದನ್ನು ಆಧರಿಸುವಂತಿಲ್ಲ. ಹಳ್ಳಿ ಹಳ್ಳಿಗೆ ಹೋಗಿ ಕಲ್ಲಿನ ಮುಂದೆ ಕುಳಿತು ಅಕ್ಷರ ಓದಿ ಬರೆದುಕೊಟ್ಟ ನಮ್ಮವರ ಶ್ರಮಕ್ಕೆ ಈ ಗ್ರಂಥಗಳಲ್ಲಿ ದೊರೆತ ಮನ್ನಣೆಯು ಅತ್ಯಲ್ಪ. ಆಳುವ ಪರದೇಶೀಯರ ಹಿತವೂ ಈ ಜ್ಞಾನಾರ್ಜನೆಯ ಹಿಂದೆ ಇರಲಿಲ್ಲವೆನ್ನಲಾಗದು. ಆದರೂ ಒಂದು ಸಂಗತಿಯನ್ನು ಒಪ್ಪಲೇಬೇಕು: ಇವರು ಕಾಯುವದಕ್ಕೆ ಮೊದಲು ಅರಿಯಲು ಯತ್ನಿಸಿದರು. ಯಾವ ಊರಲ್ಲಿ ಏನಿದೆ, ಅದರ ಮೇಲೆ ಏನು ಬರೆದಿದೆ ಎಂಬುದನ್ನು ಮೊದಲು ಗುರುತಿಸಿದರು.

ಮೈಸೂರ ಸಂಸ್ಥಾನದಲ್ಲಿ ಈ ವಿಚಾರವು ಇನ್ನೂ ವ್ಯವಸ್ಥಿತವಾಯಿತು. ೧೮೮೫ರಲ್ಲಿ ಸ್ಥಾಪಿತವಾದ ಅಲ್ಲಿಯ ಪುರಾತತ್ತ್ವ ಇಲಾಖೆಯು ರೈಸರ ನೇತೃತ್ವದಲ್ಲಿ ಶಾಸನಗಳ ಸಂಗ್ರಹದಿಂದಲೇ ಕೆಲಸವನ್ನು ಮೊದಲುಮಾಡಿತು. ಆರ್. ನರಸಿಂಹಾಚಾರ್ಯರೂ ಎಂ. ಎಚ್. ಕೃಷ್ಣರೂ ತಮ್ಮ ಸಂಚಾರಗಳಲ್ಲಿ ಕಂಡುದನ್ನು ವಾರ್ಷಿಕ ವರದಿಗಳಲ್ಲಿ ಅಚ್ಚುಮಾಡಿಸುತ್ತ ಬಂದರು. ಧಾರವಾಡದಲ್ಲಿ ೧೯೩೯ರಲ್ಲಿ ಮುಂಬಯಿ ಸರಕಾರವು ಸ್ಥಾಪಿಸಿದ ಕನ್ನಡ ಸಂಶೋಧನ ಸಂಸ್ಥೆಯೂ ಆರ್. ಎಸ್. ಪಂಚಮುಖಿಯವರ ನಿರ್ದೇಶನದಲ್ಲಿ ಇದೇ ಹಾದಿಯನ್ನು ಹಿಡಿಯಿತು. ಸಂಚಾರ ಮಾಡುವದು, ಕಂಡುದನ್ನು ಬರೆಯುವದು, ಬರೆದುದನ್ನು ಎಲ್ಲರಿಗೂ ಸಿಗುವಂತೆ ಪ್ರಕಟಿಸುವದು, ಈ ಮೂರೂ ಒಂದೇ ಕರ್ತವ್ಯದ ಮೂರು ಹಂತಗಳು ಎಂಬ ತಿಳಿವಳಿಕೆಯು ಆ ತಲೆಮಾರಿನ ಅಧಿಕಾರಿಗಳಲ್ಲಿತ್ತು.

೪

ಇನ್ನು ಕಾಗದದ ಶಾಸನಕ್ಕೆ ಬರೋಣ. ೧೯೦೪ರ ಪ್ರಾಚೀನ ಸ್ಮಾರಕಗಳ ರಕ್ಷಣಾ ಕಾಯಿದೆಯು ಕಲೆಕ್ಟರನನ್ನು ಕೇಂದ್ರವಾಗಿಟ್ಟುಕೊಂಡುದು. ಸ್ಮಾರಕದ ಮಾಲಕನೊಡನೆ ಕರಾರು ಮಾಡಿಕೊಳ್ಳುವವನು ಆತ. ಸರಕಾರದ ಮಂಜೂರಿಯಿಂದ ಸ್ಮಾರಕವನ್ನು ಕೊಳ್ಳುವವನೂ ಆತ. ಪೂಜೆ ನಡೆಯುವ ಸ್ಥಳಗಳಲ್ಲಿ ಪ್ರವೇಶದ ನಿಯಮಗಳನ್ನು ಪೂಜೆಯ ಹೊಣೆಹೊತ್ತವರ ಸಮ್ಮತಿಯಿಂದ ಮಾಡಬೇಕೆಂಬ ಒಂದು ಒಳ್ಳೆಯ ಮಾತು ಅದರಲ್ಲಿದೆ. ೧೯೫೮ರ ಕಾಯಿದೆಯೂ ಅದನ್ನು ಉಳಿಸಿಕೊಂಡಿದೆ. ೧೯೨೩ರಲ್ಲಿ ಮಾರ್ಷಲನು ಅಧಿಕಾರಿಗಳಿಗಾಗಿ ಬರೆದ ಸಂರಕ್ಷಣೆಯ ಕೈಪಿಡಿಯು ಈ ಕಾಯಿದೆಗೆ ಪೂರಕವಾದ ವ್ಯವಹಾರಗ್ರಂಥ. ಇದ್ದುದನ್ನು ಇದ್ದಂತೆ ಉಳಿಸಬೇಕು, ಮುರಿದ ಶಿಲ್ಪವನ್ನು ಊಹೆಯಿಂದ ಹೊಸದಾಗಿ ಕೆತ್ತಿಸಬಾರದು ಎಂಬುದು ಅದರ ಸಾರ.

ಇಲ್ಲಿಯೇ ಒಂದು ಘರ್ಷಣೆಯು ಹುಟ್ಟುವದು. ಊರವರ ಮನಸ್ಸಿನಲ್ಲಿರುವದು ಶಾಸನದ ಜೀರ್ಣೋದ್ಧಾರ: ಬಿರಿದುದನ್ನು ಹೊಸದುಮಾಡುವದು, ಸುಣ್ಣಬಣ್ಣ ಬಳಿಯುವದು, ನೆಲಕ್ಕೆ ಹೊಸ ಹಾಸುಗಲ್ಲು ಹಾಕುವದು, ಶಿಖರವನ್ನು ಎತ್ತರಿಸುವದು. ಅಧಿಕಾರಿಯ ಕೈಯಲ್ಲಿರುವದು ಮಾರ್ಷಲನ ಕೈಪಿಡಿ. ಒಬ್ಬರಿಗೆ ಭಕ್ತಿಯೆನಿಸಿದುದು ಇನ್ನೊಬ್ಬರಿಗೆ ವಿನಾಶವೆನಿಸುತ್ತದೆ. ಒಬ್ಬರಿಗೆ ರಕ್ಷಣೆಯೆನಿಸಿದುದು ಇನ್ನೊಬ್ಬರಿಗೆ ಉಪೇಕ್ಷೆಯೆನಿಸುತ್ತದೆ. ಬಣ್ಣ ಬಳಿದ ಚಾಲುಕ್ಯ ದ್ವಾರಬಂಧಗಳನ್ನು ನಮ್ಮ ಹಳ್ಳಿಗಳಲ್ಲಿ ಕಂಡವರೆಲ್ಲರೂ ಇದನ್ನು ಬಲ್ಲರು. ಬಣ್ಣ ಬಳಿದವರು ಗುಡಿಯನ್ನು ದ್ವೇಷಿಸಿದವರಲ್ಲ, ಪ್ರೀತಿಸಿದವರೇ. ಹಾಗಿರುವಾಗ ಸೂಕ್ಷ್ಮವಾದ ಕೆತ್ತನೆಯ ಮೇಲೆ ಬಣ್ಣವು ಕುಳಿತರೆ ಆಗುವ ಹಾನಿಯೇನೆಂದು ಅವರಿಗೆ ಅವರ ಭಾಷೆಯಲ್ಲಿ ಮೊದಲೇ ತಿಳಿಸಿ ಹೇಳುವದು ಯಾರ ಕರ್ತವ್ಯ? ಕೈಪಿಡಿಯು ಅಧಿಕಾರಿಗೆ ಕಲ್ಲಿನೊಡನೆ ಹೇಗೆ ವರ್ತಿಸಬೇಕೆಂದು ಚೆನ್ನಾಗಿ ಹೇಳಿಕೊಟ್ಟಿತು. ಕಲ್ಲಿನ ಸುತ್ತಲಿನ ಜನರೊಡನೆ ಹೇಗೆ ವರ್ತಿಸಬೇಕೆಂಬ ವಿದ್ಯೆಯು ಅದರ ಮುಖ್ಯ ವಿಷಯವಾಗಲಿಲ್ಲ.

ಸ್ವಾತಂತ್ರ್ಯಾನಂತರ ಸಂವಿಧಾನದ ೪೯ನೆಯ ಅನುಚ್ಛೇದವು ರಾಷ್ಟ್ರೀಯ ಮಹತ್ವದ ಸ್ಮಾರಕಗಳನ್ನು ಕಾಯುವ ಹೊಣೆಯನ್ನು ರಾಜ್ಯಶಕ್ತಿಯ ಮೇಲೆ ಹೊರಿಸಿತು. ೫೧ಎ ಅನುಚ್ಛೇದವು ನಮ್ಮ ಸಮ್ಮಿಶ್ರ ಸಂಸ್ಕೃತಿಯ ಪರಂಪರೆಯನ್ನು ಕಾಯುವದು ಪ್ರತಿಯೊಬ್ಬ ನಾಗರಿಕನ ಕರ್ತವ್ಯವೆಂದು ಮುಂದೆ ಸಾರಿತು. ೧೯೫೮ರಲ್ಲಿ ಕೇಂದ್ರದ ಕಾಯಿದೆಯೂ, ಕನ್ನಡನಾಡು ಒಂದಾದ ತರುವಾಯ ೧೯೬೧ರಲ್ಲಿ ಮೈಸೂರ ರಾಜ್ಯದ ಕಾಯಿದೆಯೂ ಬಂದವು. ಹೀಗೆ ಹೊಣೆಯು ಹಂಚಿಹೋಯಿತು. ಒಂದು ಗುಡಿಯು ಕೇಂದ್ರದ ಪುರಾತತ್ತ್ವ ಸರ್ವೇಕ್ಷಣ ಇಲಾಖೆಗೆ ಸೇರಿದ್ದರೆ, ಪಕ್ಕದ ಗುಡಿಯು ರಾಜ್ಯದ ಇಲಾಖೆಗೆ ಸೇರಿದ್ದು. ಪೂಜೆ ಮತ್ತು ಹುಂಡಿಯ ವಿಚಾರವು ಧಾರ್ಮಿಕ ದತ್ತಿ ಇಲಾಖೆಗೆ. ಓಣಿ, ಚರಂಡಿ, ಕಟ್ಟಡದ ಪರವಾನಗಿಗಳು ೧೯೬೨ರಲ್ಲಿ ರಚಿತವಾದ ಹುಬ್ಬಳ್ಳಿ-ಧಾರವಾಡ ಮಹಾನಗರ ಪಾಲಿಕೆಗೆ. ಜಮೀನಿನ ದಾಖಲೆಯು ಕಂದಾಯದವರಿಗೆ. ಒಬ್ಬೊಬ್ಬರಿಗೂ ತಮ್ಮ ತಮ್ಮ ಅಧಿಕಾರದ ಮೇರೆಯು ಸರಿಯಾಗಿ ಗೊತ್ತು. ಆ ಮೇರೆಗಳ ನಡುವೆ ಉಳಿದ ಜಾಗದಲ್ಲಿ ಸ್ಮಾರಕವೂ ಅದರ ನೆರೆಯವರೂ ಇದ್ದಾರೆ.

೫

೧೯೯೨ರ ಜೂನ್ ೧೬ರ ಅಧಿಸೂಚನೆಯು ಸಂರಕ್ಷಿತ ಪ್ರದೇಶದ ಎಲ್ಲೆಯಿಂದ ೧೦೦ ಮೀಟರುಗಳವರೆಗಿನ ಜಾಗವನ್ನು ನಿಷೇಧಿತವೆಂದೂ, ಅದರಾಚೆಯ ೨೦೦ ಮೀಟರುಗಳನ್ನು ನಿಯಂತ್ರಿತವೆಂದೂ ಸಾರಿತು. ೨೦೧೦ರ ತಿದ್ದುಪಡಿಯು ಇದನ್ನು ಕಾಯಿದೆಯ ಅಂಗವನ್ನಾಗಿ ಮಾಡಿ ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರವನ್ನು ಸ್ಥಾಪಿಸಿತು. ಈ ನಿಯಮದ ಅವಶ್ಯಕತೆಯನ್ನು ಅಲ್ಲಗಳೆಯುವಂತಿಲ್ಲ. ಅದಿಲ್ಲದಿದ್ದರೆ ನಮ್ಮ ನಗರಗಳ ಎಷ್ಟೋ ಸ್ಮಾರಕಗಳು ಬಹುಮಹಡಿ ಕಟ್ಟಡಗಳ ನೆರಳಿನಲ್ಲಿ ಮುಚ್ಚಿಹೋಗುತ್ತಿದ್ದವು.

ಆದರೆ ಶಾಸನದ ಎಲ್ಲೆಯನ್ನೂ ಕಾಯಿದೆಯ ಎಲ್ಲೆಯನ್ನೂ ಹೋಲಿಸಿ ನೋಡಬೇಕು. ಶಾಸನದಲ್ಲಿ ಎಲ್ಲೆಯೆಂದರೆ ಮೂಡಲಿಗೆ ಇಂತಹ ಹಳ್ಳ, ತೆಂಕಲಿಗೆ ಇಂತಹ ಹಾದಿ, ಪಡುವಲಿಗೆ ನಟ್ಟ ಕಲ್ಲು, ಬಡಗಲಿಗೆ ಇಂತಹವರ ಹೊಲ. ಯಾವ ಗಳೆಯಿಂದ ಅಳೆದರೆಂಬುದನ್ನೂ ಅದು ಹೇಳುವದು. ಸ್ಥಳಕ್ಕೆ ಹೋಗಿ ನಡೆದು ನೋಡದವನು ಅದನ್ನು ಬರೆಯಲಾರ. ನೂರು ಮೀಟರಿನ ಗೆರೆಯನ್ನಾದರೋ ಕಚೇರಿಯಲ್ಲಿ ಕುಳಿತೂ ಎಳೆಯಬಹುದು. ಬಯಲಿನಲ್ಲಿ ನಿಂತ ಗುಡಿಗೂ, ವಿಜಾಪುರದ ಗೋಳಗುಮ್ಮಟಕ್ಕೂ, ಉಣಕಲ್ಲಿನ ಓಣಿಗೂ ಅದು ಒಂದೇ. ಈ ಕೊರತೆಯನ್ನು ಕಾಯಿದೆಯೇ ಮನಗಂಡಿದೆ. ಪ್ರತಿಯೊಂದು ಸ್ಮಾರಕಕ್ಕೂ ಅದರ ಸನ್ನಿವೇಶಕ್ಕೆ ತಕ್ಕ ಪರಂಪರೆ ಉಪವಿಧಿಗಳನ್ನು ತಜ್ಞರೊಡನೆ ಸಮಾಲೋಚಿಸಿ ರಚಿಸಬೇಕೆಂದು ೨೦೧೦ರ ತಿದ್ದುಪಡಿಯಲ್ಲಿಯೇ ವಿಧಿಸಲಾಗಿದೆ. ಇದು ಶಾಸನದ ಎಲ್ಲೆವಿವರಕ್ಕೆ ಸಮಾನವಾದ ಕೆಲಸ. ದೇಶದಲ್ಲಿರುವ ೩,೬೦೦ಕ್ಕೂ ಹೆಚ್ಚಿನ ಕೇಂದ್ರ ಸಂರಕ್ಷಿತ ಸ್ಮಾರಕಗಳಿಗೆ ಇವನ್ನು ಒಂದೊಂದಾಗಿ ರಚಿಸುವ ಕಾರ್ಯವು ಬಹು ನಿಧಾನವಾಗಿ ಸಾಗಿದೆ. ನಿಷೇಧವು ಒಂದೇ ದಿನದಲ್ಲಿ ಎಲ್ಲೆಡೆಗೂ ಬಂದಿತು. ವಿವೇಚನೆಯು ಮಾತ್ರ ಸರದಿಯಲ್ಲಿ ನಿಂತಿದೆ.

ನಿಷೇಧಿತ ಪ್ರದೇಶದಲ್ಲಿ ಮೊದಲಿನಿಂದ ಇರುವ ಮನೆಗಳ ದುರಸ್ತಿಗೆ ಕಾಯಿದೆಯಲ್ಲಿ ಆಸ್ಪದವಿದೆ. ಮನೆಯವನು ಸಕ್ಷಮ ಅಧಿಕಾರಿಗೆ ಅರ್ಜಿ ಹಾಕಿಕೊಳ್ಳಬೇಕು. ಆದರೆ ಈ ಆಸ್ಪದವುಂಟೆಂದು ಓಣಿಯಲ್ಲಿರುವ ಸಾಮಾನ್ಯನಿಗೆ ತಿಳಿಸಬೇಕಾದವರು ಯಾರು? ತಿಳಿಯದವನು ರಾತ್ರಿಯಲ್ಲಿ ಗೋಡೆ ಕಟ್ಟುವನು. ತಿಳಿದು ಬೇಸತ್ತವನು ಗುಡಿಯನ್ನೇ ಶಪಿಸುವನು. ಇಬ್ಬರೂ ಸ್ಮಾರಕದ ಕಾವಲಿಗೆ ಎರವಾದರು. ಹತ್ತಾರು ಮನೆಗಳ ನಡುವೆ ಇರುವ ಗುಡಿಗೆ ಆ ಮನೆಗಳವರಿಗಿಂತ ಸಮೀಪದ ಕಾವಲುಗಾರರು ಬೇರೆ ಇರಲಾರರು.

ಮನೆಗಳನ್ನು ಸ್ವಾಧೀನಪಡಿಸಿಕೊಂಡು ಗುಡಿಯ ಸುತ್ತಲಿನ ಜಾಗವನ್ನು ತೆರವು ಮಾಡುವದೇ ಪರಿಹಾರವೆಂದು ಹೇಳುವವರುಂಟು. ಕೆಲವೆಡೆ ಅದು ಅನಿವಾರ್ಯವೂ ಆಗಬಹುದು. ಆಗ ನ್ಯಾಯವಾದ ಪರಿಹಾರವನ್ನೂ ಬೇರೆ ನೆಲೆಯನ್ನೂ ಮೊದಲು ಕೊಟ್ಟು, ಅನಂತರ ತೆರವಿಗೆ ಕೈಹಚ್ಚುವದು ಅಧಿಕಾರಿಯ ಕರ್ತವ್ಯ. ಗುಡಿಗೆ ಭೂಮಿ ಬಿಡುವಾಗ ಅದನ್ನು ಹಣಕೊಟ್ಟು ಕೊಂಡು ಬಿಟ್ಟುದಾಗಿ ಹೇಳುವ ಶಾಸನಗಳುಂಟು ಎಂಬುದನ್ನು ಇಲ್ಲಿ ನೆನೆಯಬಹುದು.

೬

ಕಾಯಿದೆಯು ಅಧಿಕಾರಿಯನ್ನು ಕುರಿತು ಏನು ಹೇಳುವದೆಂಬುದನ್ನು ನೋಡಿದರೆ ಅಚ್ಚರಿಯಾಗುವದು. ಸ್ಮಾರಕವನ್ನು ಕೆಡಿಸಿದವನಿಗೆ ೧೯೦೪ರಲ್ಲಿಯೂ ೧೯೫೮ರಲ್ಲಿಯೂ ಮೂರು ತಿಂಗಳ ಸೆರೆ ಇಲ್ಲವೆ ೫,೦೦೦ ರೂಪಾಯಿಗಳವರೆಗಿನ ದಂಡವು ವಿಧಿಸಲ್ಪಟ್ಟಿತ್ತು. ೨೦೧೦ರಲ್ಲಿ ಅದು ಎರಡು ವರ್ಷಗಳ ಸೆರೆ, ಒಂದು ಲಕ್ಷ ರೂಪಾಯಿಗಳ ದಂಡದವರೆಗೆ ಏರಿತು. ಅದೇ ತಿದ್ದುಪಡಿಯಲ್ಲಿ ಅಧಿಕಾರಿಗೂ ಒಂದು ವಿಧಿಯಿದೆ: ಕೇಂದ್ರಸರಕಾರದ ಅಧಿಕಾರಿಯು ಒಳಒಪ್ಪಂದದಿಂದಾಗಲಿ ಕಣ್ಣುಮುಚ್ಚಿಕೊಂಡಾಗಲಿ ನಿಷೇಧಿತ ಅಥವಾ ನಿಯಂತ್ರಿತ ಪ್ರದೇಶದಲ್ಲಿ ಕಟ್ಟಡವೇಳಲು ಬಿಟ್ಟರೆ ಆತನಿಗೆ ಮೂರು ವರ್ಷಗಳವರೆಗೆ ಸೆರೆಯಾಗಬಹುದು. ಇದು ಯೋಗ್ಯವೇ. ಆದರೆ ಇಲ್ಲಿ ಅಪರಾಧವೆನಿಸಿದುದು ಸುತ್ತಲಿನ ಕಟ್ಟಡಕ್ಕೆ ಸಂಬಂಧಿಸಿದುದು ಮಾತ್ರ. ಗುಡಿಯ ಮಾಳಿಗೆಯಲ್ಲಿ ಬೇರುಬಿಟ್ಟ ಅರಳಿಯ ಸಸಿಯನ್ನು ಹತ್ತು ವರ್ಷ ನೋಡುತ್ತಲೇ ಇದ್ದ ಅಧಿಕಾರಿಯು ಈ ವಿಧಿಗೆ ಸಿಕ್ಕುವದಿಲ್ಲ. ಲಂಚವು ಕಾಯಿದೆಯ ಕಣ್ಣಿಗೆ ಕಾಣುವದು, ಉಪೇಕ್ಷೆಯು ಕಾಣುವದಿಲ್ಲ. ಆದರೆ ಕಲ್ಲಿಗೆ ಎರಡರಿಂದಲೂ ಹಾನಿಯು ಒಂದೇ.

ಉಪೇಕ್ಷೆಯು ಎಲ್ಲಿಗೆ ಮುಟ್ಟಬಲ್ಲುದೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. ಭಾರತದ ನಿಯಂತ್ರಕ ಮತ್ತು ಮಹಾಲೇಖಪಾಲರ ೨೦೧೩ರ ವರದಿಯ ಪ್ರಕಾರ, ಸ್ಥಳಪರೀಕ್ಷೆ ಮಾಡಿದ ೧,೬೫೫ ಸಂರಕ್ಷಿತ ಸ್ಮಾರಕಗಳಲ್ಲಿ ೯೨ ಸ್ಮಾರಕಗಳು ಸ್ಥಳದಲ್ಲಿ ಕಾಣಸಿಗಲಿಲ್ಲ. ಮುಂದೆ ಇಲಾಖೆಯು ಅವುಗಳಲ್ಲಿ ಹಲವನ್ನು ಗುರುತಿಸಿತಾದರೂ, ೨೦೨೪ರಲ್ಲಿ ೧೮ ಸ್ಮಾರಕಗಳನ್ನು ಪಟ್ಟಿಯಿಂದ ಬಿಡುವ ಅಧಿಸೂಚನೆ ಹೊರಟಿತು. ಕಾಯಿದೆಯ ರಕ್ಷಣೆಯು ಕಾಗದದ ಮೇಲೆ ಅಖಂಡವಾಗಿದ್ದಾಗಲೇ ಸ್ಮಾರಕವು ನೆಲದ ಮೇಲೆ ಇಲ್ಲವಾಗಬಹುದು. ರಕ್ಷಿತವಾದವುಗಳ ಗತಿಯೇ ಹೀಗಿರುವಲ್ಲಿ, ಯಾವ ಪಟ್ಟಿಯಲ್ಲಿಯೂ ಇಲ್ಲದ ನಮ್ಮ ಹಳ್ಳಿಗಳ ವೀರಗಲ್ಲು ಮಾಸ್ತಿಕಲ್ಲುಗಳ, ಹೊಲದ ಬದುವಿನಲ್ಲಿ ಬಿದ್ದ ತುಂಡು ಶಾಸನಗಳ ಪಾಡನ್ನು ಬಿಡಿಸಿ ಹೇಳಬೇಕಾಗಿಲ್ಲ.

೭

ಸಂರಕ್ಷಿತ ಸ್ಮಾರಕದ ಮುಂದೆ ನಿಲ್ಲಿಸಿದ ನೀಲಿಯ ಫಲಕವನ್ನು ಎಲ್ಲರೂ ಬಲ್ಲರು. ಈ ಸ್ಮಾರಕವು ಇಂತಹ ಕಾಯಿದೆಯಂತೆ ರಾಷ್ಟ್ರೀಯ ಮಹತ್ವದ್ದೆಂದು ಸಾರಲ್ಪಟ್ಟಿದೆ. ಇದನ್ನು ಕೆಡಿಸಿದವರಿಗೆ ಇಂತಿಷ್ಟು ಸೆರೆ, ಇಂತಿಷ್ಟು ದಂಡ. ಇದನ್ನು ಶಾಸನದ ವಿದ್ಯಾರ್ಥಿಯಾಗಿ ಓದಿದರೆ ಇದು ಯಾವ ಭಾಗವೆಂಬುದು ಕೂಡಲೇ ಗೊತ್ತಾಗುವದು. ಇದು ಶಾಸನದ ಕೊನೆಯ ಭಾಗ, ಶಾಪವಾಕ್ಯ. ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪದ ಜಾಗದಲ್ಲಿ ಎರಡು ವರ್ಷಗಳ ಸೆರೆ ಬಂದಿದೆ. ಆದರೆ ಶಾಪದ ಮೊದಲು ಇರಬೇಕಾದ ಉಳಿದ ಅಂಗಗಳೆಲ್ಲಿ? ಯಾರು ಕೊಟ್ಟರು, ಎಷ್ಟು ಕೊಟ್ಟರು, ಯಾವುದಕ್ಕೆ ಕೊಟ್ಟರು, ಯಾರ ಕೈಗೆ ಕೊಟ್ಟರು, ಎಲ್ಲೆ ಯಾವುದು, ಸಾಕ್ಷಿಗಳಾರು, ಕಾಯಬೇಕಾದವರಾರು? ಕೆಲವು ಸ್ಥಳಗಳಲ್ಲಿ ಗುಡಿಯ ಕಾಲ, ವಂಶ, ಶೈಲಿಗಳನ್ನು ತಿಳಿಸುವ ಇನ್ನೊಂದು ಫಲಕವಿರುವದು ನಿಜ. ಅದು ಸ್ಮಾರಕದ ಹಿಂದಿನ ಕಾಲವನ್ನು ಕುರಿತುದು. ಇಂದು ಅದನ್ನು ಕಾಯುತ್ತಿರುವ ಬಗೆಯನ್ನು ಕುರಿತಲ್ಲ. ನಾವು ಹಳೆಯ ಶಾಸನದಿಂದ ಶಾಪವನ್ನು ಉಳಿಸಿಕೊಂಡು ಪಾಲನೆಯನ್ನು ಬಿಟ್ಟಿದ್ದೇವೆ. ನಮ್ಮ ಸ್ಮಾರಕರಕ್ಷಣೆಯ ಮುಖ್ಯ ಕೊರತೆಯೆಂದು ಈ ಲೇಖಕನಿಗೆ ತೋರುವದು ಇದೇ.

ಕಾಯಿದೆಯಲ್ಲಿ ಇದಕ್ಕೆ ಬೀಜವಿಲ್ಲದಿಲ್ಲ. ಒಂದು ಸ್ಮಾರಕವನ್ನು ರಾಷ್ಟ್ರೀಯ ಮಹತ್ವದ್ದೆಂದು ಸಾರುವ ಮೊದಲು ಎರಡು ತಿಂಗಳ ನೋಟೀಸು ಕೊಟ್ಟು, ಅದರ ಪ್ರತಿಯನ್ನು ಸ್ಮಾರಕದ ಹತ್ತಿರ ಎಲ್ಲರಿಗೂ ಕಾಣುವಂತೆ ಅಂಟಿಸಬೇಕೆಂದು ೧೯೫೮ರ ಕಾಯಿದೆಯು ಹೇಳುವದು. ಅಂದರೆ ಊರವರಿಗೆ ತಿಳಿಸಿ, ಅವರ ಆಕ್ಷೇಪಣೆಯನ್ನು ಕೇಳಿ ಮುಂದುವರಿಯಬೇಕೆಂಬ ತತ್ತ್ವವನ್ನು ಕಾಯಿದೆಯು ಒಪ್ಪಿದೆ. ಆ ಮಾತುಕತೆಯು ಮೊದಲ ದಿನದಂದೇ ಮುಗಿದುಹೋಗಬಾರದು.

೮

ಮೇಲಿನ ವಿವೇಚನೆಯಿಂದ ಅಧಿಕಾರಿಯ ಕರ್ತವ್ಯಗಳನ್ನು ನಾಲ್ಕಾಗಿ ವಿಂಗಡಿಸಬಹುದು. ಮೊದಲನೆಯದು ಅರಿಯುವದು: ತನ್ನ ಮೇರೆಯಲ್ಲಿ ಏನಿದೆ, ಯಾವ ಸ್ಥಿತಿಯಲ್ಲಿದೆ ಎಂಬುದನ್ನು ಸ್ವತಃ ಸಂಚರಿಸಿ ಕಂಡು, ವರ್ಷಕ್ಕೊಮ್ಮೆ ಬರೆದು ಪ್ರಕಟಿಸುವದು. ಎರಡನೆಯದು ಮುಂಚಿತವಾಗಿ ಕಾಯುವದು: ಬಿರುಕು ಬೆರಳಗಲವಿರುವಾಗಲೇ ಅದನ್ನು ಸರಿಪಡಿಸುವದು, ನೀರು ಹರಿದುಹೋಗಲು ದಾರಿಮಾಡುವದು, ಸಸಿಯು ಮರವಾಗುವ ಮೊದಲೇ ಕೀಳಿಸುವದು. ಖಂಡಸ್ಫುಟಿತವೆಂಬ ಮಾತಿನ ತಾತ್ಪರ್ಯವು ಇದೇ. ಮೂರನೆಯದು ತಿಳಿಸುವದು: ನೆರೆಯವರಿಗೆ ಅವರ ನಿರ್ಬಂಧಗಳನ್ನಷ್ಟೇ ಅಲ್ಲ, ಅವರ ಹಕ್ಕುಗಳನ್ನೂ ಅರ್ಜಿಯ ಕ್ರಮವನ್ನೂ ಕನ್ನಡದಲ್ಲಿ ತಿಳಿಸುವದು. ನಾಲ್ಕನೆಯದು ಹೊಣೆಗೆ ಹೆಸರು ಕೊಡುವದು: ಈ ಗುಡಿಗೆ ಉತ್ತರ ಹೇಳಬೇಕಾದವರು ಯಾರು, ಕಳೆದ ದುರಸ್ತಿಯು ಯಾವಾಗ ಆಯಿತು, ಅದಕ್ಕೆ ವೆಚ್ಚವೆಷ್ಟಾಯಿತು, ಮುಂದಿನ ಪರಿಶೀಲನೆ ಎಂದು ಎಂಬಿಷ್ಟನ್ನು ಆ ಫಲಕದ ಮೇಲೆಯೇ ಬರೆಯಿಸುವದು.

ಸಿಬ್ಬಂದಿಯು ಕಡಿಮೆ, ಹಣವು ಸಾಲದು, ಜನರ ಒತ್ತಡವು ಹೆಚ್ಚು ಎಂಬ ಆಕ್ಷೇಪವು ಇದಕ್ಕೆ ಬರುವದು ಸಹಜ. ಅದು ಸುಳ್ಳಲ್ಲ. ಉಣಕಲ್ಲ, ಅಮರಗೋಳ, ಅಣ್ಣಿಗೇರಿಗಳಿಂದ ಹಿಡಿದು ಐಹೊಳೆ ಪಟ್ಟದಕಲ್ಲುಗಳವರೆಗೆ ಹಬ್ಬಿದ ಸ್ಮಾರಕಗಳ ಭಾರವನ್ನು ಹೊತ್ತ ಕಚೇರಿಯ ಅಧಿಕಾರಿಗಳ ಕಷ್ಟವನ್ನು ಕಡೆಗಣಿಸುವದು ಅನ್ಯಾಯ. ಎಷ್ಟೋ ಮಂದಿ ಅಧಿಕಾರಿಗಳು, ಅವರಿಗಿಂತ ಹೆಚ್ಚಾಗಿ ಗುಡಿಯ ಬಾಗಿಲಲ್ಲಿ ಹಗಲಿಡೀ ನಿಲ್ಲುವ ಕಾವಲುಗಾರರು, ಕಾಯಿದೆಯು ಕೇಳದಷ್ಟು ಶ್ರದ್ಧೆಯಿಂದ ದ��ಡಿದ್ದಾರೆ. ಆದರೆ ಮೇಲಿನ ನಾಲ್ಕರಲ್ಲಿ ಹಣವನ್ನು ಮುಖ್ಯವಾಗಿ ಬೇಡುವದು ಎರಡನೆಯದು ಮಾತ್ರ. ಅದೂ ಸಕಾಲದಲ್ಲಿ ಮಾಡಿದರೆ ಅಲ್ಪವನ್ನೇ ಬೇಡುವದು. ಉಳಿದ ಮೂರಕ್ಕೆ ಬೇಕಾದುದು ಸಂಚಾರ, ಬರವಣಿಗೆ ಮತ್ತು ಮಾತು. ಈ ಕೆಲಸಗಳಲ್ಲಿ ವಿಶ್ವವಿದ್ಯಾಲಯವು ಕೈಜೋಡಿಸಬಲ್ಲುದು. ಶಾಸನಶಾಸ್ತ್ರವನ್ನು ಓದುವ ವಿದ್ಯಾರ್ಥಿಗಳು ವರ್ಷಕ್ಕೊಂದು ತಾಲೂಕಿನ ಹಳ್ಳಿಗಳನ್ನು ಸುತ್ತಿ, ಪಟ್ಟಿಯಲ್ಲಿಲ್ಲದ ಕಲ್ಲುಗಳನ್ನು ಗುರುತಿಸಿ ಇಲಾಖೆಗೆ ಒಪ್ಪಿಸಿದರೆ ಅಧಿಕಾರಿಯ ಮೊದಲನೆಯ ಕರ್ತವ್ಯವು ಬಹುಮಟ್ಟಿಗೆ ಹಗುರಾಗುವದು. ಪಂಚಮುಖಿಯವರ ಕಾಲದ ಸಂಸ್ಥೆಯು ತೋರಿದ ಹಾದಿಯು ಇದೇ.

ಜನರು ಅತಿಕ್ರಮಿಸುತ್ತಾರೆ, ಅಧಿಕಾರಿಯೇನು ಮಾಡಬಲ್ಲ ಎಂಬ ಮಾತಿಗೂ ಉತ್ತರವು ಶಾಸನದಲ್ಲಿಯೇ ಇದೆ. ಹಿಂದಿನ ಅಧಿಕಾರಿಯು ಗಾವುಂಡರನ್ನೂ ಮಹಾಜನರನ್ನೂ ಮುಂದಿಟ್ಟುಕೊಂಡು ಧರ್ಮವನ್ನು ಅವರ ಕೈಗೆ ಒಪ್ಪಿಸಿದನು. ಅವರು ಕೇವಲ ಸಾಕ್ಷಿಗಳಲ್ಲ, ಪಾಲುದಾರರು. ಇಂದು ಆ ಸ್ಥಾನದಲ್ಲಿ ವಾರ್ಡಿನ ಜನರಿದ್ದಾರೆ, ಹಳ್ಳಿಯ ಪಂಚಾಯತಿಯಿದೆ, ಶಾಲೆಯ ಮಾಸ್ತರರಿದ್ದಾರೆ. ವರ್ಷಕ್ಕೊಂದು ದಿನ ಅಧಿಕಾರಿಯು ಗುಡಿಯ ಅಂಗಳದಲ್ಲಿ ಅವರ ಮುಂದೆ ಕುಳಿತು ತನ್ನ ಲೆಕ್ಕವನ್ನು ಹೇಳಿದರೆ, ಉಳಿದ ದಿನಗಳಲ್ಲಿ ಗುಡಿಯನ್ನು ಕಾಯುವವರು ಅವರೇ ಆಗಬಲ್ಲರು.

ಉಣಕಲ್ಲಿನ ಗುಡಿಗೆ ನಾಲ್ಕು ದಿಕ್ಕಿಗೂ ಬಾಗಿಲುಗಳಿವೆ. ಯಾವ ಓಣಿಯಿಂದ ಬಂದವನಿಗೂ ದೇವರು ಎದುರಾಗಬೇಕೆಂಬುದು ಅದನ್ನು ಕಟ್ಟಿಸಿದವರ ಅಭಿಪ್ರಾಯವಾಗಿದ್ದಿರಬೇಕು. ಅದನ್ನು ಕಾಯುವ ಅಧಿಕಾರವು ಮಾತ್ರ ಜನರ ಕಡೆಗೆ ಒಂದೇ ಬಾಗಿಲನ್ನು, ನಿಷೇಧದ ಬಾಗಿಲನ್ನು, ತೆರೆದಿದೆ. ಉಳಿದ ಮೂರನ್ನು ತೆರೆಯುವದಕ್ಕೆ ಹೊಸ ಕಾಯಿದೆಯು ಬೇಕಾಗಿಲ್ಲ. ಇರುವ ಫಲಕದ ಮೇಲೆ ಶಾಪಕ್ಕಿಂತ ಮೊದಲು ಹೊಣೆಯನ್ನು ಬರೆಯುವ ಮನಸ್ಸಿದ್ದರೆ ಸಾಕು.